ಕಂಪ್ಯೂಟರ್ ಆನ್ ಆಗಲು 15 ನಿಮಿಷ, ಡಿಸ್ಕ್ ಸದಾ 100%. ಹಾರ್ಡ್ ಡಿಸ್ಕ್ ಹೋಗುತ್ತಿದೆಯಾ?

ಸಾಗರದ ಡಿಟಿಪಿ
ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಶಾಲೆಗಳ ಪ್ರಶ್ನೆಪತ್ರಿಕೆ, ಎಲ್ಲ ಕೆಲಸವೂ ಒಂದೇ ಕಂಪ್ಯೂಟರಿನಲ್ಲಿ. 2017ರಲ್ಲಿ ತೆಗೆದುಕೊಂಡಿದ್ದು. ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10.

ಒಂದೂವರೆ ತಿಂಗಳಿಂದ ವಿಪರೀತ ನಿಧಾನ. ಬೆಳಿಗ್ಗೆ ಸ್ವಿಚ್ ಒತ್ತಿ, ಕಸ ಗುಡಿಸಿ, ದೇವರ ಫೋಟೋಗೆ ದೀಪ ಹಚ್ಚಿ ಬಂದರೂ ನೀಲಿ ಪರದೆಯಲ್ಲಿ ಚುಕ್ಕಿ ಸುತ್ತುತ್ತಲೇ ಇರುತ್ತದೆ. ಕೋರೆಲ್ ತೆರೆಯಲು 5 ನಿಮಿಷ. ಮಧ್ಯೆ ಮಧ್ಯೆ ಎಲ್ಲವೂ ನಿಂತುಬಿಡುತ್ತದೆ, ಮೌಸ್ ಮಾತ್ರ ಓಡಾಡುತ್ತದೆ. ಆಮೇಲೆ ತಾನೇ ಸರಿಯಾಗುತ್ತದೆ.

ಇಲ್ಲಿಯ ರಿಪೇರಿಯವರೊಬ್ಬರು ನೋಡಿ, ವೈರಸ್ ಇರಬೇಕು ಅಂತ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದರು. 4 ದಿನ ಚೆನ್ನಾಗಿತ್ತು. ಮತ್ತೆ ಅದೇ ಕತೆ. ಈಗ ರ‍್ಯಾಮ್ ಹಾಕಿಸಿ ಅನ್ನುತ್ತಿದ್ದಾರೆ. ಡಿ ಡ್ರೈವಿನಲ್ಲಿ 8 ವರ್ಷದ ಕೆಲಸ ಇದೆ. ಮುಂದಿನ ವಾರ 3 ಲಗ್ನಪತ್ರಿಕೆ ಕೊಡಬೇಕು. ಎಲ್ಲಿಂದ ಶುರು ಮಾಡಲಿ?

ಬೇಗ_ಹೇಳಿ
ಎಸ್‌ಎಸ್‌ಡಿ (ಸುತ್ತುವ ತಟ್ಟೆ ಇಲ್ಲದ ವೇಗದ ಡಿಸ್ಕ್) ಹಾಕಿಸಿ. ಮುಗೀತು.

ಹುಬ್ಬಳ್ಳಿ ಮಂದಿ
4 ಜಿಬಿಯಲ್ಲಿ ವಿಂಡೋಸ್ 10, ಅದರ ಮೇಲೆ ಕೋರೆಲ್. ನಿಧಾನ ಆಗದೇ ಇನ್ನೇನಾಗುತ್ತದೆ? ನಿಮ್ಮ ರಿಪೇರಿಯವರು ಹೇಳಿದ್ದು ಸರಿ ಇದೆ. 8 ಜಿಬಿ ಮಾಡಿಸಿ.

ಸ್ಕ್ರೂಡ್ರೈವರ್
ರ‍್ಯಾಮ್ ಕಡಿಮೆ ಅನ್ನುವುದು ನಿಜ. ಆದರೆ 2017ರಿಂದ ಅದೇ 4 ಜಿಬಿಯಲ್ಲಿ ಅದೇ ಕೆಲಸ ನಡೆದಿದೆ ಅಲ್ವಾ? ಒಂದೂವರೆ ತಿಂಗಳಿಂದ ಏನು ಬದಲಾಯಿತು ಅನ್ನುವುದು ಪ್ರಶ್ನೆ. ನಾನು ದಾವಣಗೆರೆಯಲ್ಲಿ 14 ವರ್ಷದಿಂದ ಸರ್ವಿಸ್ ಮಾಡುತ್ತಿದ್ದೇನೆ. "ಮೌಸ್ ಓಡಾಡುತ್ತದೆ, ಬೇರೆಲ್ಲ ನಿಲ್ಲುತ್ತದೆ, ಆಮೇಲೆ ತಾನೇ ಸರಿಯಾಗುತ್ತದೆ" ಅಂತ ಯಾರಾದರೂ ಅಂದರೆ ನಾನು ಮೊದಲು ನೋಡುವುದು ಹಾರ್ಡ್ ಡಿಸ್ಕನ್ನೇ.

ಅಕ್ಕಾ, ನಾಲ್ಕು ವಿಷಯ ಹೇಳಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಮೇಲೆ ಒತ್ತಿ. ಆಕ್ಟಿವ್ ಟೈಮ್ ಎಷ್ಟು? ಅದರ ಜೊತೆಗೆ ಆವರೇಜ್ ರೆಸ್ಪಾನ್ಸ್ ಟೈಮ್ ಎಷ್ಟು, ಓದುವ ವೇಗ ಎಷ್ಟು? ಯಾವುದಾದರೂ ಒಂದೇ ಫೋಲ್ಡರ್ ತೆರೆದಾಗ ಜಾಸ್ತಿ ಸಿಕ್ಕಿಹಾಕಿಕೊಳ್ಳುತ್ತದಾ? ಕೊನೆಯದಾಗಿ, ಡಬ್ಬಿಗೆ ಕಿವಿ ಕೊಟ್ಟರೆ ಏನಾದರೂ ಶಬ್ದ?

ಅಲ್ಲಿಯವರೆಗೆ ಯಾರು ಹೇಳಿದರೂ ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿಸಬೇಡಿ.

ಸಾಗರದ ಡಿಟಿಪಿ
ನೋಡಿದೆ ಸಾರ್. ಆಕ್ಟಿವ್ ಟೈಮ್ 100%. ರೆಸ್ಪಾನ್ಸ್ ಟೈಮ್ ಒಮ್ಮೆ 4,000, ಒಮ್ಮೆ 5,000 ಮಿಲಿಸೆಕೆಂಡ್. ವೇಗ 200 ಕೆಬಿ ಆಸುಪಾಸು, ಕೆಲವೊಮ್ಮೆ ಸೊನ್ನೆ. ಡಿ ಡ್ರೈವಿನಲ್ಲಿ "2022 ಮದುವೆ" ಅನ್ನುವ ಫೋಲ್ಡರ್ ತೆರೆದರೆ ಪೂರ್ತಿ ನಿಲ್ಲುತ್ತದೆ. ನೀವು ಹೇಳಿದ ಮೇಲೆ ಕಿವಿ ಕೊಟ್ಟೆ. ನಿಂತಾಗ ಒಳಗಿನಿಂದ ಟಿಕ್, ಟಿಕ್ ಅಂತ ಸಣ್ಣಗೆ ಬರುತ್ತದೆ. ಫ್ಯಾನ್ ಸದ್ದಿನಲ್ಲಿ ಇಷ್ಟು ದಿನ ಕೇಳಿಸಿರಲಿಲ್ಲ.

ಸ್ಕ್ರೂಡ್ರೈವರ್
ಸರಿ. ಇದು ಡಿಸ್ಕೇ.

ನಿಮ್ಮದು 7,200 ಆರ್‌ಪಿಎಂ ಡಿಸ್ಕ್ ಅಂದುಕೊಳ್ಳಿ. ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಹೆಡ್ (ತಟ್ಟೆಯ ಮೇಲೆ ಓಡಾಡಿ ಓದುವ ಭಾಗ) ಜಾಗಕ್ಕೆ ಹೋಗಿ ಓದಿ ಬರುವುದು ಚೆನ್ನಾಗಿರುವ ಡಿಸ್ಕಿನಲ್ಲಿ 10ರಿಂದ 20 ಮಿಲಿಸೆಕೆಂಡಿನ ಕೆಲಸ. ನಿಮ್ಮಲ್ಲಿ 5,000 ತೋರಿಸುತ್ತಿದೆ. ಅಷ್ಟು ಹೊತ್ತಿಗೆ ತಟ್ಟೆ 600 ಸುತ್ತು ಸುತ್ತಿರುತ್ತದೆ. ಓದಲಾಗದ ಒಂದು ಸೆಕ್ಟರ್ (ಡಿಸ್ಕಿನ ಅತಿ ಸಣ್ಣ ಡೇಟಾ ಖಾನೆ) ಸಿಕ್ಕಾಗ ಡಿಸ್ಕ್ ಸುಮ್ನೆ ಬಿಡುವುದಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಅಷ್ಟೂ ಹೊತ್ತು ಹಿಂದೆ ಸಾಲಿನಲ್ಲಿ ನಿಂತ ಕೆಲಸಗಳೆಲ್ಲ ಕಾಯಬೇಕು. ಹಾಳಾಗಿದ್ದು ಬೆರಳೆಣಿಕೆಯ ಸೆಕ್ಟರ್ ಆದರೂ ಇಡೀ ಕಂಪ್ಯೂಟರ್ ಕಟ್ಟಿಹಾಕಿದ ಹಾಗೆ ಆಗುವುದು ಇದಕ್ಕೇ.

ಫಾರ್ಮ್ಯಾಟ್ ಆದ ಮೇಲೆ 4 ದಿನ ಚೆನ್ನಾಗಿತ್ತು ಅಂದಿರಲ್ಲ. ಹೊಸ ವಿಂಡೋಸ್ ಬೇರೆ ಜಾಗದಲ್ಲಿ ಕೂತಿರುತ್ತದೆ. ಕೆಟ್ಟ ಜಾಗದ ತಂಟೆಗೆ ಹೋಗುವವರೆಗೆ ಚೆನ್ನಾಗಿಯೇ ಇರುತ್ತದೆ.

ಕಾಫಿತೋಟ
ಡಿಸ್ಕ್ 100% ಅಂದರೆ ಡಿಸ್ಕ್ ಹೋಯಿತು ಅಂತಲೇ ಅರ್ಥ. ನನ್ನದೂ ಹಾಗೇ ಆಗಿತ್ತು.

ಸ್ಟೋರೇಜ್ ಕೆಲಸ
ಹಾಗಲ್ಲ, ಇದನ್ನು ತಿದ್ದಲೇಬೇಕು. ಓದುವ ವೇಗ 80, 100 ಎಂಬಿ ಇದ್ದು 100% ತೋರಿಸಿದರೆ ಡಿಸ್ಕ್ ನಿಜವಾಗಿ ದುಡಿಯುತ್ತಿದೆ ಅಂತ ಅರ್ಥ. ಆಂಟಿವೈರಸ್ ಸ್ಕ್ಯಾನ್, ವಿಂಡೋಸ್ ಅಪ್‌ಡೇಟ್, ಸರ್ಚ್ ಇಂಡೆಕ್ಸಿಂಗ್, ಸಿಸ್‌ಮೇನ್, ಯಾವುದಾದರೂ ಇರಬಹುದು. ವಿಂಡೋಸ್ 10ರಲ್ಲಿ ಎಎಚ್‌ಸಿಐ ಡ್ರೈವರಿನ (ವಿಂಡೋಸ್ ಡಿಸ್ಕಿನ ಜೊತೆ ಮಾತಾಡುವ ತಂತ್ರಾಂಶ) ಎಂಎಸ್‌ಐ ಮೋಡ್ ಅನ್ನುವ ಸೆಟ್ಟಿಂಗ್‌ನಿಂದಾಗಿ ಒಳ್ಳೆಯ ಡಿಸ್ಕುಗಳೂ 100% ತೋರಿಸಿದ್ದುಂಟು. ಮೈಕ್ರೋಸಾಫ್ಟ್‌ನವರೇ ಅದನ್ನು ಒಪ್ಪಿ ಪರಿಹಾರ ಬರೆದಿದ್ದರು. ವೇಗ ಸೊನ್ನೆಗೆ ಹತ್ತಿರ, ರೆಸ್ಪಾನ್ಸ್ ಟೈಮ್ ಸಾವಿರಗಟ್ಟಲೆ, ಇವೆರಡೂ ಜೊತೆಗೆ ಬಂದಾಗ ಮಾತ್ರ ಡಿಸ್ಕಿನ ಮೇಲೆ ಅನುಮಾನ ಪಡಬೇಕು. ಅಕ್ಕನದು ಅದೇ ಲಕ್ಷಣ.

ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗಿನಲ್ಲೂ ನೋಡಿ. ಡಿಸ್ಕ್ ಹೆಸರಿನಲ್ಲಿ ಈವೆಂಟ್ 7 ಇದ್ದರೆ ಬ್ಯಾಡ್ ಬ್ಲಾಕ್. 153 ಇದ್ದರೆ ಒಂದು ಕೆಲಸವನ್ನು ಮತ್ತೆ ಮಾಡಬೇಕಾಗಿ ಬಂತು ಅಂತ.

ಹುಬ್ಬಳ್ಳಿ ಮಂದಿ
ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಕೊಡಿ. ಬ್ಯಾಡ್ ಸೆಕ್ಟರ್ ಹುಡುಕಿ ಅದೇ ಸರಿ ಮಾಡುತ್ತದೆ. ರಾತ್ರಿ ಬಿಟ್ಟು ಹೋಗಿ.

ಪೆಂಗ್ವಿನ್ ಮೈಸೂರು
ದಯವಿಟ್ಟು ಬೇಡ!! ಬ್ಯಾಕಪ್ ಇಲ್ಲದೆ ಸಾಯುತ್ತಿರುವ ಡಿಸ್ಕಿನ ಮೇಲೆ ಅದನ್ನು ಓಡಿಸಲೇಬಾರದು. ಅದು ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಸುಸ್ತಾದ ಹೆಡ್ಡಿಗೆ ರಾತ್ರಿಯೆಲ್ಲ ಕೆಟ್ಟ ಜಾಗವನ್ನೇ ಕೆರೆಯುವ ಕೆಲಸ. ಜೊತೆಗೆ ಫೈಲ್ ಸಿಸ್ಟಮ್ ಸರಿ ಮಾಡುತ್ತೇನೆ ಅಂತ ಬರೆಯುವುದನ್ನೂ ಮಾಡುತ್ತದೆ. ಓದಲಾಗದ ಫೈಲ್ ತುಣುಕಾಗಬಹುದು, ಹೆಸರೇ ಹೋಗಬಹುದು. ಅದು ಫೈಲ್ ಸಿಸ್ಟಮ್ ರಿಪೇರಿಯ ಸಾಧನ. ಡೇಟಾ ಉಳಿಸುವ ಸಾಧನ ಅಲ್ಲ.

ಹುಬ್ಬಳ್ಳಿ ಮಂದಿ
ನಾನು 3 ಕಂಪ್ಯೂಟರಿನಲ್ಲಿ ಮಾಡಿದ್ದೇನೆ, ಏನೂ ಆಗಿಲ್ಲ.

ಪೆಂಗ್ವಿನ್ ಮೈಸೂರು
ನಿಮ್ಮ 3ರಲ್ಲಿ ಟಿಕ್ ಟಿಕ್ ಶಬ್ದ ಇತ್ತಾ? ಕರೆಂಟ್ ಹೋಗಿ ಫೈಲ್ ಸಿಸ್ಟಮ್ ಕೆಟ್ಟಿದ್ದರೆ ಚೆಕ್‌ಡಿಸ್ಕ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಇಲ್ಲಿ ಕೆಟ್ಟಿರುವುದು ಯಂತ್ರ.

ಹುಬ್ಬಳ್ಳಿ ಮಂದಿ
ಶಬ್ದ ಇರಲಿಲ್ಲ. ಸರಿ, ಈ ಕೇಸಿನಲ್ಲಿ ಒಪ್ಪಿದೆ.

ಸಾಗರದ ಡಿಟಿಪಿ
ಚೆಕ್‌ಡಿಸ್ಕ್ ಮಾಡಲಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಅನ್ನುವ, ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಹಾಕಿ ನೋಡಿದೆ. ಹಳದಿ ಬಣ್ಣ, ಕಾಷನ್ ಅಂತ ಇದೆ. 05ರ ಮುಂದೆ ಕೊನೆಯಲ್ಲಿ 1A8, ಸಿ5 ಮುಂದೆ 60, ಸಿ6 ಮುಂದೆಯೂ 60. ಸಿ7 ಸೊನ್ನೆ. ಪವರ್ ಆನ್ 21,400 ಗಂಟೆ. ಮೊದಲನೆಯದಾದ 01ರ ಮುಂದೆ ಮಾತ್ರ ತುಂಬಾ ದೊಡ್ಡ ಸಂಖ್ಯೆ ಇದೆ, ಅದನ್ನು ನೋಡಿ ಗಾಬರಿಯಾಯಿತು. ಆದರೆ ರಿಪೇರಿಯವರು ಏನೋ ಕಮಾಂಡ್ ಕೊಟ್ಟು ನೋಡಿದಾಗ ಸ್ಟೇಟಸ್ ಓಕೆ ಅಂತ ಬಂದಿತ್ತಲ್ಲ?

ಬೇಗ_ಹೇಳಿ
60 ಸೆಕ್ಟರ್ ಅಷ್ಟೇನಾ, ಅದೇನು ದೊಡ್ಡದಲ್ಲ ಬಿಡಿ.

ಲೆಕ್ಕದ ಮೇಷ್ಟ್ರು
60 ಅಲ್ಲ, 96. ಆ ತಂತ್ರಾಂಶ ರಾ ವ್ಯಾಲ್ಯೂಗಳನ್ನು (ಕೊನೆಯಲ್ಲಿ ಕಾಣುವ ಅಂಕಿಗಳನ್ನು) ಹದಿನಾರರ ಲೆಕ್ಕವಾದ ಹೆಕ್ಸಾಡೆಸಿಮಲ್‌ನಲ್ಲಿ ತೋರಿಸುತ್ತದೆ. ಅದಕ್ಕೇ ಮಧ್ಯೆ ಅಕ್ಷರ ಬಂದಿರುವುದು. 6 ಹದಿನಾರಲೆ 96. 1A8 ಅಂದರೆ 256 + 160 + 8, ಒಟ್ಟು 424. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್ ಅಂತ ಇದೆ. ಅಲ್ಲಿ 10 ಡೆಸಿಮಲ್ ಆರಿಸಿಕೊಂಡರೆ ನಾವು ಓದುವ ಅಂಕಿಯೇ ಬರುತ್ತದೆ.

ಸ್ಟೋರೇಜ್ ಕೆಲಸ
ಧನ್ಯವಾದ ಮೇಷ್ಟ್ರೇ, ಇದನ್ನು ತುಂಬಾ ಜನ ತಪ್ಪು ಓದುತ್ತಾರೆ.

ಅಕ್ಕಾ, 05 ಅಂದರೆ ಕೆಟ್ಟು, ಬದಲಿ ಜಾಗಕ್ಕೆ ಸ್ಥಳಾಂತರವಾದ ಸೆಕ್ಟರ್‌ಗಳು. ಅದು 424. ಅವು ಈಗ ತೊಂದರೆ ಕೊಡುವುದಿಲ್ಲ, ಆದರೆ ಕೆಡುವುದು ಹಳೆಯ ಸಮಾಚಾರ ಅಂತ ಹೇಳುತ್ತಿವೆ. ಸಿ5 ಅಂದರೆ ಓದಲಾಗದೆ ಬಾಕಿ ಇರುವವು. ನಿಮ್ಮ ಕಂಪ್ಯೂಟರನ್ನು ಇವತ್ತು ನಿಲ್ಲಿಸುತ್ತಿರುವುದು ಈ 96. ಅದರಲ್ಲಿ ಒಂದಿಷ್ಟು "2022 ಮದುವೆ"ಯ ಮೇಲೆ ಕೂತಿವೆ ಅನ್ನಿಸುತ್ತದೆ. 01ರ ದೊಡ್ಡ ಸಂಖ್ಯೆಗೆ ಗಾಬರಿ ಬೇಡ. ಸೀಗೇಟ್ ಡಿಸ್ಕುಗಳಲ್ಲಿ ಅದು ಮಾಮೂಲಿ, ಅಲ್ಲಿ ಲೆಕ್ಕ ಬರೆಯುವ ಕ್ರಮವೇ ಬೇರೆ.

ಇನ್ನು ಆ "ಓಕೆ". ಅದು ಕಂಪನಿ ಇಟ್ಟ ಗೆರೆ ದಾಟಿದೆಯೋ ಇಲ್ಲವೋ ಅಂತಷ್ಟೇ ಹೇಳುತ್ತದೆ. ಗೆರೆ ಬಹಳ ದೂರದಲ್ಲಿರುತ್ತದೆ. 2007ರಲ್ಲಿ ಗೂಗಲ್‌ನವರು ತಮ್ಮ 1 ಲಕ್ಷಕ್ಕೂ ಜಾಸ್ತಿ ಡಿಸ್ಕುಗಳ ಅಧ್ಯಯನ ಪ್ರಕಟಿಸಿದರು. ಹಾಳಾದ ಡಿಸ್ಕುಗಳಲ್ಲಿ 36%ಕ್ಕೂ ಹೆಚ್ಚು, ತಾಪಮಾನ ಒಂದನ್ನು ಬಿಟ್ಟರೆ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವಾದ ಸ್ಮಾರ್ಟ್‌ನ ಯಾವ ಎಣಿಕೆಯಲ್ಲೂ ಮುನ್ಸೂಚನೆ ಕೊಟ್ಟಿರಲಿಲ್ಲ. ಅದೇ ಅಧ್ಯಯನದಲ್ಲಿ, ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕು 60 ದಿನದೊಳಗೆ ಹಾಳಾಗುವ ಸಾಧ್ಯತೆ ಉಳಿದವಕ್ಕಿಂತ 39 ಪಟ್ಟು ಅಂತ ಬಂದಿತ್ತು. ಸ್ಮಾರ್ಟ್ ಸುಮ್ಮನಿದ್ದರೆ ನೆಮ್ಮದಿ ಪಡಬೇಡಿ, ಎಚ್ಚರಿಸಿದರೆ ತಡ ಮಾಡಬೇಡಿ.

ಎಸ್‌ಪಿ ರೋಡ್ ಹುಡುಗ
ಸಿ7 ಸೊನ್ನೆ ಇರುವುದನ್ನು ನೋಡಿದ್ದು ಒಳ್ಳೆಯದಾಯಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನಾನು ಕೆಲಸ ಮಾಡುವ ಅಂಗಡಿಗೆ ಒಬ್ಬರು ಹಿರಿಯರು ಬಂದಿದ್ದರು. ಹೊಸ ಡಿಸ್ಕ್ ಹಾಕಿಸಿಯೂ ನಿಧಾನ ಹೋಗಿರಲಿಲ್ಲ. ನೋಡಿದರೆ ಸಿ7 ದಿನಾ ಏರುತ್ತಿತ್ತು, 05 ಮತ್ತು ಸಿ5 ಎರಡೂ ಸೊನ್ನೆ. ಸಿ7 ಏರಿದರೆ ಡಿಸ್ಕಿಗೂ ಬೋರ್ಡಿಗೂ ನಡುವಿನ ದಾರಿಯಲ್ಲಿ ಡೇಟಾ ಕೆಡುತ್ತಿದೆ ಅಂತ. ಸಾಟಾ ಕೇಬಲ್ ಬದಲಿಸಿದೆವು, ಸರಿಹೋಯಿತು. ಅವರ ಹಳೆಯ ಡಿಸ್ಕೂ ಚೆನ್ನಾಗಿಯೇ ಇತ್ತು. ಕೇಬಲ್ ಬದಲಿಸಿದ ಮೇಲೂ ಆ ಸಂಖ್ಯೆ ಇಳಿಯುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಏರುವುದು ನಿಂತರೆ ಆಯಿತು.

ಕಾಫಿತೋಟ
ಡಿಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಸ್ವಲ್ಪ ಹೊತ್ತು ಓಡುತ್ತದಂತೆ. ಅಷ್ಟರಲ್ಲಿ ಕಾಪಿ ಮಾಡಿಕೊಳ್ಳಬಹುದು ಅಂತ ಓದಿದ್ದೆ.

ಸ್ಕ್ರೂಡ್ರೈವರ್
ಬೇಡ ಅಣ್ಣ. ಹೊರಗೆ ತೆಗೆದ ತಕ್ಷಣ ಒಳಗೆ, ಹೊರಗೆ ನೀರಿನ ಹನಿ ಕೂರುತ್ತದೆ. ಅದೂ ಮಲೆನಾಡಿನ ತೇವದ ಗಾಳಿಯಲ್ಲಿ. ಹೆಡ್ಡಿಗೂ ತಟ್ಟೆಗೂ ನಡುವೆ ಇರುವುದು ಕೆಲವೇ ನ್ಯಾನೋಮೀಟರ್ ಅಂತರ. ಅದರ ನಡುವೆ ತೇವ ಬಂದರೆ ಲ್ಯಾಬಿನವರ ಕೈಯಲ್ಲೂ ಆಗದಂತಾಗುತ್ತದೆ. ಮುಚ್ಚಳ ಬಿಚ್ಚುವುದೂ ಹಾಗೆಯೇ, ಒಂದು ಧೂಳಿನ ಕಣ ಸಾಕು.

ಪೆಂಗ್ವಿನ್ ಮೈಸೂರು
ಈಗ ಕೆಲಸಕ್ಕೆ ಬರೋಣ. ಮೊದಲು ಕಂಪ್ಯೂಟರ್ ಆಫ್ ಮಾಡಿ. ವಿಂಡೋಸ್ ಆನ್ ಇದ್ದಷ್ಟು ಹೊತ್ತೂ ಆ ಡಿಸ್ಕನ್ನು ಓದಿ ಬರೆದು ಮಾಡುತ್ತಲೇ ಇರುತ್ತದೆ. ನಿಮ್ಮದಕ್ಕಿಂತ ಸಣ್ಣದಲ್ಲದ ಒಂದು ಹೊಸ ಡಿಸ್ಕ್ ತನ್ನಿ. 2 ಟಿಬಿ ಇದ್ದರೆ ನಿರಾಳ. ಪೆನ್ ಡ್ರೈವಿನಲ್ಲಿ ಸಿಸ್ಟಮ್‌ರೆಸ್ಕ್ಯೂ (ಪೆನ್ ಡ್ರೈವಿನಿಂದಲೇ ಓಡುವ ಲಿನಕ್ಸ್) ಹಾಕಿ ಅದರಿಂದ ಬೂಟ್ ಮಾಡಿ. ಕೆಡುತ್ತಿರುವ ಡಿಸ್ಕನ್ನು ಹೊಸದಕ್ಕೆ ಪ್ರತಿ ಮಾಡುವ ಡಿಡಿರೆಸ್ಕ್ಯೂ ಅದರಲ್ಲಿ ಮೊದಲೇ ಇರುತ್ತದೆ.

ಅದರ ಜಾಣತನ ಎಲ್ಲಿದೆ ಅಂದರೆ, ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಸಿಕ್ಕರೆ ಅಲ್ಲಿ ಹಟ ಮಾಡದೆ ಹಾರಿ ಮುಂದೆ ಹೋಗುತ್ತದೆ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಅಂತ ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ ಅದೇ ಮ್ಯಾಪ್ ಫೈಲ್ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮೊದಲು ಮೈನಸ್ ಎನ್ ಹಾಕಿ ಓಡಿಸಿ. ಎರಡನೇ ಸಲ ಮೈನಸ್ ಡಿ, ಮೈನಸ್ ಆರ್ 3 ಹಾಕಿ ಉಳಿದ ಜಾಗಗಳನ್ನು ಮೂರು ಸಲ ಪ್ರಯತ್ನಿಸಿ. ಯುಎಸ್‌ಬಿ ಡಬ್ಬಿ ಬೇಡ, ಹಳೆಯ ಡಿಸ್ಕ್ ನೇರ ಸಾಟಾದಲ್ಲೇ ಇರಲಿ.

ಒಂದೇ ಒಂದು ಕಡೆ ಮೈಯೆಲ್ಲ ಕಣ್ಣಾಗಿರಿ. ಮೂಲ ಡಿಸ್ಕ್ ಯಾವುದು, ಹೊಸದು ಯಾವುದು ಅಂತ ಅಳತೆ ಮತ್ತು ಸೀರಿಯಲ್ ನಂಬರ್ ನೋಡಿ ಎರಡು ಸಲ ಖಚಿತ ಮಾಡಿಕೊಳ್ಳಿ. ಅದಲು ಬದಲಾದರೆ ಖಾಲಿ ಡಿಸ್ಕ್ ಬಂದು ನಿಮ್ಮ 8 ವರ್ಷದ ಮೇಲೆ ಕೂರುತ್ತದೆ.

ಸ್ಕ್ರೂಡ್ರೈವರ್
ಇಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮುಂದಿನ ವಾರದ 3 ಲಗ್ನಪತ್ರಿಕೆ ಎಲ್ಲಿದೆ ಅಂತ ಅವರಿಗೆ ಗೊತ್ತು. ಎಲ್ಲಾ ಸೇರಿ 50 ಎಂಬಿ ಇರಬಹುದು. ಮೊದಲು ಅಷ್ಟನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಆಮೇಲೆ ಆಫ್ ಮಾಡಲಿ. 1 ಟಿಬಿ ಇಮೇಜ್ (ಇಡೀ ಡಿಸ್ಕಿನ ಯಥಾಪ್ರತಿ) ಮಾಡುವಾಗ ಅರ್ಧದಲ್ಲಿ ಡಿಸ್ಕ್ ನಿಂತರೆ ಬೇಕಾದ್ದೇ ಸಿಗದೆ ಹೋಗಬಹುದು.

ಪೆಂಗ್ವಿನ್ ಮೈಸೂರು
ಆ ಫೋಲ್ಡರ್ ತೆರೆಯುವಾಗಲೇ ಸಿಕ್ಕಿಹಾಕಿಕೊಂಡರೆ?

ಸ್ಕ್ರೂಡ್ರೈವರ್
ಒಂದು ನಿಮಿಷ ನೋಡುವುದು, ಸಿಕ್ಕಿಹಾಕಿಕೊಂಡರೆ ಬಿಡುವುದು. "2022 ಮದುವೆ" ಮಾತ್ರ ಮುಟ್ಟಬೇಡಿ ಅಕ್ಕಾ. ಶಬ್ದ ಟಿಕ್ ಇದ್ದದ್ದು ಟಕ್ ಟಕ್ ಅಂತ ಜೋರಾದರೆ, ಅಥವಾ ಡಿಸ್ಕ್ ಬಯೋಸ್‌ನಲ್ಲಿ ಕಾಣದೆ ಹೋದರೆ, ಎಲ್ಲವನ್ನೂ ನಿಲ್ಲಿಸಿ. ಆಮೇಲೆ ಅದು ಕ್ಲೀನ್ ರೂಮ್ ಇರುವ ರಿಕವರಿ ಲ್ಯಾಬಿನ ಕೆಲಸ. ಖರ್ಚು ಸಾವಿರಗಳಲ್ಲಿ ಹೋಗುತ್ತದೆ.

ನುಡಿಗಾರ
ಯಾರೂ ಹೇಳದ ಒಂದು ಮಾತು. ಲಗ್ನಪತ್ರಿಕೆಗಳು ಪೇಜ್‌ಮೇಕರ್, ಕೋರೆಲ್‌ನಲ್ಲಿ ನುಡಿ ಆಸ್ಕಿ ಫಾಂಟುಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ ಹಳೆಯ ಬಗೆಯವು) ಇರಬೇಕಲ್ಲ? ಫೈಲ್ ಉಳಿದು ಫಾಂಟ್ ಹೋದರೆ ತೆರೆದಾಗ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ನುಡಿ 01 ಇ ಎಲ್ಲ ಕಡೆ ಸಿಗುತ್ತದೆ. ಕಾರ್ಡಿನ ಶೀರ್ಷಿಕೆಗೆ ಬಳಸುವ ಅಲಂಕಾರದ ಫಾಂಟುಗಳನ್ನು ಮತ್ತೆ ಹುಡುಕುವುದು ಕಷ್ಟ. ಫಾಂಟ್ಸ್ ಫೋಲ್ಡರನ್ನೂ ಉಳಿಸಿಕೊಳ್ಳಿ.

ಬೇಗ_ಹೇಳಿ
ಇನ್ನೂ ಆಸ್ಕಿನಾ? ಯೂನಿಕೋಡ್‌ಗೆ ಬನ್ನಿ.

ನುಡಿಗಾರ
ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ಅದರಲ್ಲಿ ಕನ್ನಡ ಯೂನಿಕೋಡ್ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಊರಿನ ಅಂಗಡಿಗಳಲ್ಲಿ 20 ವರ್ಷದ ಕೆಲಸ ಅದರಲ್ಲಿದೆ. ಒಂದೇ ದಿನದಲ್ಲಿ ಬಿಟ್ಟು ಬನ್ನಿ ಅನ್ನುವುದು ಸರಿಯಲ್ಲ. ಈ ಚರ್ಚೆ ಬೇಕಾದರೆ ಬೇರೆ ಕಡೆ ಮಾಡೋಣ.

ಕಾಫಿತೋಟ
ಅಕ್ಕಾ, ನಿಮ್ಮಲ್ಲಿ ಯುಪಿಎಸ್ ಹೇಗಿದೆ? ನಮ್ಮ ಕೊಪ್ಪದ ಕಡೆ ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಅದರಿಂದಲೇ ಡಿಸ್ಕ್ ಹಾಳಾಗಿದ್ದು ಇರಬಹುದು.

ಸಾಗರದ ಡಿಟಿಪಿ
ಯುಪಿಎಸ್ ಇದೆ, ಬ್ಯಾಟರಿ ಹೋಗಿ ವರ್ಷವಾಯಿತು. ಕರೆಂಟ್ ಹೋದ ತಕ್ಷಣ ಕಂಪ್ಯೂಟರೂ ಆಫ್.

ಸ್ಟೋರೇಜ್ ಕೆಲಸ
ಕ್ರಿಸ್ಟಲ್‌ಡಿಸ್ಕ್‌ಇನ್‌ಫೋದಲ್ಲಿ ಸಿ0 ಅಂತ ಒಂದು ಸಾಲಿರುತ್ತದೆ. ಪವರ್ ಹಠಾತ್ತಾಗಿ ಹೋಗಿ ಹೆಡ್ ಹಿಂದಕ್ಕೆ ಹೋದದ್ದರ ಲೆಕ್ಕ ಅಲ್ಲಿ ಸಿಗುತ್ತದೆ. ಆ ಕ್ಷಣದಲ್ಲಿ ಡಿಸ್ಕ್ ತಾನು ಸುತ್ತುತ್ತಿರುವ ವೇಗದಿಂದಲೇ ವಿದ್ಯುತ್ ಪಡೆದು ಹೆಡ್ಡನ್ನು ಜಾಗಕ್ಕೆ ಸೇರಿಸುತ್ತದೆ. ಹಾಗಾಗಿ ಒಂದು ಸಲ ಕರೆಂಟ್ ಹೋದರೆ ಡಿಸ್ಕ್ ಸಾಯುವುದಿಲ್ಲ. ದಿನಾ ಆದರೆ ಸವೆತ ಇದ್ದೇ ಇದೆ. ಆದರೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. 21,400 ಗಂಟೆ, 8 ವರ್ಷ, ವಯಸ್ಸೂ ಆಗಿದೆ. ಬ್ಯಾಟರಿ ಮಾತ್ರ ಇವತ್ತೇ ಹಾಕಿಸಿ. ಇಮೇಜ್ ಮಾಡುವಾಗ ಕರೆಂಟ್ ಹೋಗಬಾರದು.

ಸಾಗರದ ಡಿಟಿಪಿ
5 ದಿನದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಕೈಮುಗಿಯುತ್ತೇನೆ.

ಸ್ಕ್ರೂಡ್ರೈವರ್ ಸಾರ್ ಹೇಳಿದಂತೆ ಮೊದಲು 3 ಲಗ್ನಪತ್ರಿಕೆ ಮತ್ತು ಫಾಂಟುಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡೆ. ಎರಡು ಕಾರ್ಡು ತಕ್ಷಣ ಬಂತು, ಮೂರನೆಯದಕ್ಕೆ 20 ನಿಮಿಷ ಹಿಡಿಯಿತು. ಒಂದು ನಿಮಿಷಕ್ಕೆ ಬಿಡಿ ಅಂದಿದ್ದಿರಿ, ಬಿಡಲು ಮನಸ್ಸು ಬರಲಿಲ್ಲ. ಯುಪಿಎಸ್ ಬ್ಯಾಟರಿ ಹಾಕಿಸಿದೆ. ಡಿಡಿರೆಸ್ಕ್ಯೂಗೆ ತಮ್ಮನ ಮಗ ಬಂದು ಸಹಾಯ ಮಾಡಿದ. ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ. ಸೀರಿಯಲ್ ನಂಬರನ್ನು ಕಾಗದದ ಮೇಲೆ ಬರೆದು ಇಬ್ಬರೂ ಓದಿ ಓದಿ ನೋಡಿಕೊಂಡೆವು. ಮೊದಲ ಸುತ್ತಿಗೆ 11 ಗಂಟೆ, ಎರಡನೆಯದಕ್ಕೆ ಇನ್ನೂ 8 ಗಂಟೆ. ಕೊನೆಗೆ ಓದಲಾಗದೆ ಉಳಿದದ್ದು 2 ಎಂಬಿಗಿಂತ ಕಡಿಮೆ. ಈಗ ಎಸ್‌ಎಸ್‌ಡಿಯಲ್ಲಿ ಹೊಸ ವಿಂಡೋಸ್ ಹಾಕಿದ್ದೇನೆ, ಫೈಲುಗಳು 2 ಟಿಬಿಯಲ್ಲಿವೆ. ರ‍್ಯಾಮ್ ಅದೇ 4 ಜಿಬಿ. ಅರ್ಧ ನಿಮಿಷದಲ್ಲಿ ಆನ್ ಆಗುತ್ತದೆ.

ಒಂದು ಪ್ರಶ್ನೆ ಉಳಿದಿದೆ. ಆ 2 ಎಂಬಿ ಯಾವ ಫೈಲುಗಳದ್ದು ಅಂತ ಹೇಗೆ ತಿಳಿಯುವುದು? ಒಂದೊಂದನ್ನೇ ತೆರೆದು ನೋಡಲು ಸಾವಿರಾರು ಇವೆ.

ಪೆಂಗ್ವಿನ್ ಮೈಸೂರು
ಓದಿ ತುಂಬಾ ಖುಷಿಯಾಯಿತು ಅಕ್ಕಾ. ಅದಕ್ಕೂ ದಾರಿ ಇದೆ. ಡಿಡಿರೆಸ್ಕ್ಯೂನಲ್ಲಿ ಫಿಲ್ ಮೋಡ್ ಅಂತ ಇದೆ. ಮ್ಯಾಪ್ ಫೈಲ್ ನೋಡಿಕೊಂಡು, ಓದಲಾಗದ ಜಾಗಗಳಲ್ಲಿ ಮಾತ್ರ ನೀವು ಕೊಟ್ಟ ಪದವನ್ನು ತುಂಬುತ್ತದೆ. ಬೇರೆಲ್ಲೂ ಇರದಂಥ ಒಂದು ಪದ ಕೊಡಿ. ಆಮೇಲೆ ಎಲ್ಲ ಫೈಲುಗಳೊಳಗೆ ಆ ಪದ ಹುಡುಕಿದರೆ, ಸಿಕ್ಕಿದ ಫೈಲೇ ಕೆಟ್ಟಿದ್ದು. ಹೊಸ ಡಿಸ್ಕಿನಲ್ಲಿರುವ ಪ್ರತಿಯ ಮೇಲೆ ಮಾಡಿ, ಹಳೆಯದನ್ನು ಮುಟ್ಟಬೇಡಿ.

ಸ್ಕ್ರೂಡ್ರೈವರ್
ಹಳೆಯ ಡಿಸ್ಕನ್ನು ಎಸೆಯಬೇಡಿ, ಮಾರಲೂ ಬೇಡಿ. ಗಿರಾಕಿಗಳ ಆಧಾರ್ ಜೆರಾಕ್ಸ್ ಸ್ಕ್ಯಾನ್ ಎಲ್ಲ ಅದರಲ್ಲಿರುತ್ತದೆ. ಕವರಿನಲ್ಲಿ ಹಾಕಿ, ಮೇಲೆ "ಕೆಟ್ಟಿದೆ" ಅಂತ ಬರೆದು ಇಡಿ.

ಸಾಗರದ ಡಿಟಿಪಿ
ಹುಡುಕಿದೆವು. 7 ಫೈಲು. ಏಳೂ "2022 ಮದುವೆ"ಯವು. ಅದರಲ್ಲಿ 5 ಕಾರ್ಡಿನ ಮುದ್ರಿತ ಪ್ರತಿ ನನ್ನ ಆಲ್ಬಮ್ಮಿನಲ್ಲಿ ಇದೆ, ಮತ್ತೆ ಟೈಪ್ ಮಾಡಬಹುದು. ಇವತ್ತು ಸಂಜೆ ಮೂರನೇ ಲಗ್ನಪತ್ರಿಕೆಯವರು ಬಂದು ತೆಗೆದುಕೊಂಡು ಹೋದರು.

ಹುಬ್ಬಳ್ಳಿ ಮಂದಿ
ಇದನ್ನು ಓದಿ ನಮ್ಮ ಆಫೀಸಿನ ಕಂಪ್ಯೂಟರ್ ನೋಡಿದೆ. ಶಬ್ದ ಏನೂ ಇಲ್ಲ, ನಿಧಾನವೂ ಇಲ್ಲ. ಸಿ5ರಲ್ಲಿ 8 ಇದೆ. ಕಾಪಿ ಶುರು ಮಾಡಿದ್ದೇನೆ. ಕಾಪಿ ಮುಗಿದ ಮೇಲೆ ಆ ಡಿಸ್ಕನ್ನು ಏನು ಮಾಡಲಿ ಹೇಳಿ.